ಹೊನ್ನಗಂಗಮ್ಮನ ಸೀಕಿನ ಪಾತ್ರೆ

ನಾನು ಒಂದು ಸಿಲ್ವಾರದ ಪಾತ್ರೆ. ಶಾಲೆಯ ಪುಸ್ತಕದಲ್ಲಿ ನನ್ನ ಹೆಸರು ಅಲ್ಯೂಮಿನಿಯಂ ಎಂದಿದೆಯಂತೆ. ಅರಸೀಕೆರೆಯ ಯಾವ ಅಡುಗೆಮನೆಯಲ್ಲೂ ನನ್ನನ್ನು ಯಾರೂ ಹಾಗೆ ಕರೆದಿಲ್ಲ. ಹಿತ್ತಾಳೆಗೆ ದೇವರ ಮನೆಯಲ್ಲಿ ಜಾಗವಿದೆ. ತಾಮ್ರ ಕಲಶವಾಗಿ ಕೂರುತ್ತದೆ. ಸ್ಟೀಲಿನ ಮೈಮೇಲೆ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು ಕೊರೆದಿರುತ್ತದೆ. ನನ್ನನ್ನು ಯಾರೂ ಉಡುಗೊರೆ ಕೊಡುವುದಿಲ್ಲ, ನನ್ನ ಮುಂದೆ ಯಾರೂ ಕೈ ಮುಗಿಯುವುದಿಲ್ಲ. ಬೇಡ ಬಿಡಿ. ಕೈ ಮುಗಿಸಿಕೊಂಡವರೆಲ್ಲ ಹಬ್ಬಕ್ಕೊಮ್ಮೆ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಮತ್ತೆ ಕಪಾಟು ಸೇರುತ್ತಾರೆ. ನಾನು ದಿನವೂ ಬೆಂಕಿಯ ಮೇಲೆ ಕೂತಿದ್ದೇನೆ, ಈಗಲೂ ಕೂರುತ್ತೇನೆ. ಆ ಜಂಬ ನನಗಿದೆ. ಅದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳಲು ನನಗೆ ಬರುವುದಿಲ್ಲ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ತಗಡಿನ ಬಿಲ್ಲೆಯಾಗಿದ್ದ ನನ್ನನ್ನು ಗಿರಗಿರನೆ ತಿರುಗುವ ಅಚ್ಚಿಗೆ ಒತ್ತಿ ಹಿಡಿದರು. ಒಂದು ಸುತ್ತಿಗೆ ಹೊಟ್ಟೆ ಬಂತು, ಇನ್ನೊಂದು ಸುತ್ತಿಗೆ ಕಂಠ ಬಂತು. ಅದೇಕೋ ನನ್ನ ತಗಡು ಉಳಿದವರಿಗಿಂತ ದಪ್ಪ ಬಿದ್ದಿತ್ತು. ಗಾತ್ರ ಚಿಕ್ಕದು, ತಳ ದಪ್ಪ. ಅಂಗಡಿಯವರು ನನ್ನನ್ನು ಎತ್ತಿ ನೋಡಿ ಕೆಳಗಿಡುತ್ತಿದ್ದರು. ಒಬ್ಬರಿಗೆ ಆಗುವಷ್ಟು ಹಿಟ್ಟು ಬೇಯಿಸುವ ಪಾತ್ರೆ ಯಾರಿಗೆ ಬೇಕು? ಒಬ್ಬರಿಗೋಸ್ಕರ ಒಲೆ ಹೊತ್ತಿಸುವ ಮನೆ ಆಗ ಎಲ್ಲಿತ್ತು?

ಹಾಗಾಗಿ ಹಳೇ ಸೀರೆಗೆ ಹೊಸ ಪಾತ್ರೆ ಕೊಡುವ ಹೆಂಗಸಿನ ಬುಟ್ಟಿ ಸೇರಿದೆ. ದೊಡ್ಡ ಪಾತ್ರೆಗಳ ಹೊಟ್ಟೆಯೊಳಗೆ ಕೂತು ರೈಲ್ವೆ ಕ್ವಾರ್ಟರ್ಸಿನ ಸಾಲುಮನೆಗಳನ್ನೆಲ್ಲ ಸುತ್ತಿದೆ. ಆಗಿನ್ನೂ ಉಗಿ ಇಂಜಿನ್ನಿನ ಕಾಲ. ಒಣಹಾಕಿದ ಬಟ್ಟೆಯ ಮೇಲೆ ಮಸಿ ಉದುರುತ್ತಿತ್ತು. ಅಂಥ ಒಂದು ಸಾಲುಮನೆಯ ಬಾಗಿಲಲ್ಲಿ ಬುಟ್ಟಿ ಇಳಿಯಿತು. ಒಳಗಿನಿಂದ ಒಬ್ಬ ಹೊಸ ಸೊಸೆ ಸೀರೆಯೊಂದನ್ನು ತೋಳಿನ ಮೇಲೆ ಹಾಕಿಕೊಂಡು ಬಂದಳು. ಅವಳೇ ಹೊನ್ನಗಂಗಮ್ಮ. ಮನೆಯಲ್ಲಿ ಹೊನ್ನಿ ಎನ್ನುತ್ತಿದ್ದರು. ಗಂಡ ದಾಸಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ.

ಅವಳು ತಂದಿದ್ದು ಹಳೇ ಸೀರೆಯಲ್ಲ, ಧಾರೆಯ ರೇಷ್ಮೆ ಸೀರೆ. ಮದುವೆಯ ದಿನ ಹಸೆಮಣೆಯ ಮೇಲೆ ಕೂತಿದ್ದಾಗಲೇ ಚಪ್ಪರ ಸೋರುವಂತೆ ಮಳೆ ಹೊಯ್ದು, ಅಂಚಿನ ಕೆಂಪು ಒಡಲಿಗೆಲ್ಲ ಇಳಿದುಬಿಟ್ಟಿತ್ತು. ಉಡುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ಜರಿ ಮಾತ್ರ ಗಟ್ಟಿ. ಪಾತ್ರೆಯವಳು ಜರಿಯನ್ನು ಬೆರಳಲ್ಲಿ ತಿಕ್ಕಿ ನೋಡಿ ಕಣ್ಣರಳಿಸಿದಳು. ಸ್ಟೀಲಿನ ಬಿಂದಿಗೆ ತೆಗೆದಿಟ್ಟಳು, ಜೊತೆಗೊಂದು ಕೊಳಗ ಇಟ್ಟಳು. ಹೊನ್ನಿ ಅವೆರಡನ್ನೂ ಪಕ್ಕಕ್ಕೆ ಸರಿಸಿ, ಬುಟ್ಟಿಯೊಳಗೆ ಕೈ ಹಾಕಿ ನನ್ನನ್ನು ಹೊರಗೆ ತೆಗೆದಳು. ಬೋರಲು ಹಾಕಿ ಬೆರಳ ಗೆಣ್ಣಿನಿಂದ ತಳಕ್ಕೆ ಬಡಿದಳು. ನಾನು ಠಣ್ ಎನ್ನಲಿಲ್ಲ, ದೊಪ್ ಎಂದೆ. ಅವಳ ಮುಖ ಅರಳಿತು.

ಪಾತ್ರೆಯವಳು ಒಳ್ಳೆಯವಳೇ. "ಇಂಥ ಸೀರೆಗೆ ಬಿಂದಿಗೆ ತಗಳವ್ವ, ಮನೆಗಾಗುತ್ತೆ," ಎಂದಳು.

"ಬಿಂದಿಗೆ ಮನೆಗಾಗುತ್ತೆ," ಎಂದಳು ಹೊನ್ನಿ. "ಇದು ನಂಗಾಗುತ್ತೆ."

ಪಾತ್ರೆಯವಳಿಗೆ ಮನಸ್ಸು ತಡೆಯದೆ ನನ್ನ ಜೊತೆ ಒಂದು ಮುಚ್ಚಳವನ್ನೂ ಒಂದು ಸೌಟನ್ನೂ ಹಾಕಿ ಕೊಟ್ಟಳು. ಸೌಟು ಎಂದೋ ಮುರಿಯಿತು. ಮುಚ್ಚಳ ಇನ್ನೂ ಇದೆ, ಸೊಟ್ಟಗೆ.

ಈಗ ಸೀಕಿನ ವಿಷಯ ಹೇಳಬೇಕು. ರಾಗಿ ಹಿಟ್ಟು ಬೆಂದು, ಕೋಲಿನಲ್ಲಿ ತೊಳಸಿ, ಮುದ್ದೆ ಎತ್ತಿದ ಮೇಲೆ ಪಾತ್ರೆಯ ತಳದಲ್ಲಿ ದೋಸೆಯಷ್ಟು ತೆಳ್ಳಗೆ ಹಿಟ್ಟು ಅಂಟಿ ಉಳಿಯುತ್ತದೆ. ಅದೇ ಸೀಕು. ಅದನ್ನು ತಿಂದ ಹುಡುಗಿಯ ಮದುವೆಗೆ ಮಳೆ ಬರುತ್ತದೆ ಎಂದು ಆ ಕಡೆಯ ಜನ ಆಡಿಕೊಳ್ಳುತ್ತಾರೆ. ಹೊನ್ನಿಯ ಮದುವೆಗೆ ಬಂದ ಮಳೆ ನೋಡಿ ಅತ್ತೆ ಕೆಂಚಮ್ಮ ಚಪ್ಪರದಲ್ಲೇ ಬೀಗಿತ್ತಿಯ ಕಡೆ ತಿರುಗಿ, ನಿಮ್ಮ ಮಗಳು ಪಾತ್ರೆ ಪಾತ್ರೆಯೇ ಕೆರೆದಿರಬೇಕು ಎಂದಿದ್ದಳಂತೆ. ತಾಯಿ ನಕ್ಕು ಒಪ್ಪಿಕೊಂಡಿದ್ದಳಂತೆ. ನಿಜವೇ. ಹೊನ್ನಿಗೆ ಬುದ್ಧಿ ಬಂದಾಗಿನಿಂದ ನಾಲಿಗೆಗೆ ಹತ್ತಿದ ರುಚಿ ಅದು. ಹೋಳಿಗೆಯನ್ನೂ ಕಜ್ಜಾಯವನ್ನೂ ಒಂದು ತಟ್ಟೆಯಲ್ಲಿಟ್ಟು, ಸೀಕನ್ನು ಇನ್ನೊಂದರಲ್ಲಿಟ್ಟರೆ ಅವಳ ಕೈ ಎತ್ತ ಹೋಗುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಆದರೆ ಕೆಂಚಮ್ಮನ ಒಲೆಯ ರೀತಿ ಬೇರೆ. ಮುದ್ದೆ ಎತ್ತಿದ ತಕ್ಷಣ ಪಾತ್ರೆಗೆ ಒಂದು ಚೆಂಬು ನೀರು ಹೊಯ್ಯಬೇಕು. ನೆನೆದು ಬಿಟ್ಟುಕೊಂಡ ಸೀಕು ಕಲಗಚ್ಚಿನ ಬಾನಿಗೆ, ಬಾನಿಯಿಂದ ಹಿತ್ತಲಲ್ಲಿ ಕಟ್ಟಿದ ಎಮ್ಮೆಗೆ. ಸೊಸೆ ಸೀಕು ತಿನ್ನುವುದೆಂದರೆ ಆ ಮನೆಯಲ್ಲಿ ಸೊಸೆಗೆ ಹೊಟ್ಟೆಗಿಕ್ಕುವುದಿಲ್ಲ ಎಂದು ಸಾಲುಮನೆಗೆಲ್ಲ ಸಾರಿದ ಹಾಗೆ ಎಂಬುದು ಅವಳ ಭಯ. ಸುಳ್ಳು ಭಯವೂ ಅಲ್ಲ. ಕ್ವಾರ್ಟರ್ಸಿನ ಗೋಡೆಗಳು ತೆಳು, ಬಾಯಿಗಳು ದೊಡ್ಡವು.

ನಾನು ಮನೆಗೆ ಬಂದ ದಿನ ಕೆಂಚಮ್ಮ, ಧಾರೆ ಸೀರೆ ಕೊಟ್ಟು ಸಿಲ್ವಾರ ತಂದವಳ ಸುದ್ದಿಯನ್ನು ಬಾವಿಕಟ್ಟೆಯವರೆಗೂ ಮುಟ್ಟಿಸಿ ಬಂದಳು. ದಾಸಪ್ಪ ಅಂಥ ಹೊತ್ತಿನಲ್ಲಿ ಲಾಟೀನಿನ ಗಾಜು ಒರೆಸುತ್ತ ಕೂರುವ ಗಂಡಸು. ಆ ದಿನ ಗಾಜು ಫಳಫಳ ಹೊಳೆಯಿತು. ಹೊನ್ನಿ ಎಲ್ಲರಿಗೂ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಮಾಡಿ ಬಡಿಸಿದಳು. ಆಮೇಲೆ ನನ್ನನ್ನು ಒಲೆಗೇರಿಸಿ ತನ್ನ ಪಾಲಿನ ಹಿಟ್ಟನ್ನು ನನ್ನಲ್ಲಿ ತೊಳಸಿದಳು. ಮುದ್ದೆ ಎತ್ತಿದಳು. ಕೆಂಚಮ್ಮ ಚೆಂಬು ತುಂಬ ನೀರು ಹಿಡಿದು ಬಂದಳು. ಹೊನ್ನಿ ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಸುಡುತ್ತಿದ್ದ ನನ್ನ ಅಂಚಿನ ಮೇಲೆ ಬರೀ ಅಂಗೈ.

"ಇದಕ್ಕೆ ಬ್ಯಾಡ ಅತ್ತೆ."

"ಜನ ಏನಂತಾರೆ ಗೊತ್ತೇನೆ? ಸೊಸೆಗೆ ಎಮ್ಮೆ ಪಾಲು ತಿನ್ನುಸ್ತಾರೆ ಅಂತಾರೆ."

"ಅನ್ಲಿ ಬಿಡಿ. ಅವರ ಬಾಯಿ ಅವರದು. ನನ್ ಬಾಯಿ ನಂದು."

ಚೆಂಬಿನ ನೀರು ಸ್ವಲ್ಪ ಹೊತ್ತು ನನ್ನ ಮೇಲೆಯೇ ತೂಗಾಡಿತು. ಕೊನೆಗೆ ಕೆಂಚಮ್ಮ ಅದನ್ನು ತಾನೇ ಕುಡಿದು ಹೊರಗೆ ಹೋದಳು. ಅವತ್ತು ಅವಳಿಗೆ ಬಾಯಾರಿಕೆ ಇತ್ತೋ ಇಲ್ಲವೋ ಕಾಣೆ.

ಸೀಕು ತಾನಾಗಿ ಆಗುತ್ತದೆ ಎಂದುಕೊಂಡವರಿಗೆ ಅದರ ಗುಟ್ಟು ಗೊತ್ತಿಲ್ಲ. ಉಗಿ ಇಂಜಿನ್ನು ನಿಲ್ಲುವ ಲೋಕೋ ಶೆಡ್ಡಿನ ಬೂದಿ ಗುಡ್ಡೆಯಿಂದ ಆರಿಸಿ ತಂದ ಅರೆಬೆಂದ ಕಲ್ಲಿದ್ದಲು ಬೇಕು. ಅದು ಉರಿಯಬಾರದು, ಬರೀ ಕೆಂಪಗಿರಬೇಕು. ಅದರ ಮೇಲೆ ನನ್ನನ್ನು ಕೂರಿಸಿ, ಅಂಚಿನ ಸುತ್ತ ನಾಲ್ಕು ಹನಿ ಕಡಲೇಕಾಯಿ ಎಣ್ಣೆ ಬಿಟ್ಟು, ಸುಮ್ಮನಿರಬೇಕು. ಸುಮ್ಮನಿರುವುದೇ ಕಷ್ಟ. ಹಿಟ್ಟಿನ ವಾಸನೆ ಮೊದಲು ಹಸಿ ಮಣ್ಣಿನ ಹಾಗೆ, ಆಮೇಲೆ ಹುರಿದ ಕಾಳಿನ ಹಾಗೆ, ಆಮೇಲೆ ಇನ್ನೇನು ಸೀದೇ ಹೋಯಿತು ಎನ್ನುವ ಹಾಗೆ. ಆ ಹೊತ್ತಿಗೆ ನನ್ನ ತಳದಿಂದ ಚಟ್ ಎಂದು ಒಂದು ಸದ್ದು ಬರುತ್ತದೆ. ಅದು ನಾನು ಕರೆಯುವ ಸದ್ದು. ಸೀಕು ಅಂಚು ಬಿಟ್ಟು ಹಪ್ಪಳದ ಹಾಗೆ ಮೇಲೇಳುತ್ತದೆ. ತೆಂಗಿನ ಚಿಪ್ಪಿನ ಚೂರಿನಿಂದ ಅದನ್ನು ಮುರಿಯದೆ ಎಬ್ಬಿಸಿ, ಮೇಲೆ ಹುಚ್ಚೆಳ್ಳಿನ ಚಟ್ನಿ ಪುಡಿ ಉದುರಿಸಿ, ಗುದ್ದಿದ ಈರುಳ್ಳಿ ಇಟ್ಟುಕೊಂಡು ಅವಳು ತಿನ್ನುವಳು. ಮುದ್ದೆಯನ್ನು ಎಲ್ಲರ ಹಾಗೆ ಸಾರಿನಲ್ಲಿ ಅದ್ದಿ ಬೇಗ ನುಂಗಿಬಿಡುವಳು. ಸೀಕಿಗೆ ಮಾತ್ರ ಪುರುಸೊತ್ತು.

ಮನೆಯವರು ಉಂಡೆದ್ದ ಮೇಲೆ, ಒಲೆಯ ಕಡೆ ಮುಖ ಮಾಡಿ, ಮನೆಗೆ ಬೆನ್ನು ಹಾಕಿ ಕೂತು ತಿನ್ನುವುದು ಅವಳ ಅಭ್ಯಾಸ. ಇದನ್ನು ನೆನಪಿಟ್ಟುಕೊಳ್ಳಿ. ಮನೆಯವರಿಗೆ ಕಾಣುತ್ತಿದ್ದದ್ದು ಅವಳ ಬೆನ್ನು, ಬಗ್ಗಿದ ಕತ್ತು, ಪಾತ್ರೆ ಕೆರೆಯುವ ಮೊಣಕೈ. ಮುಖ ಕಾಣುತ್ತಿದ್ದದ್ದು ಕೆಳಗಿದ್ದ ನನಗೆ ಮಾತ್ರ. ಕಣ್ಣು ಅರೆಮುಚ್ಚಿ, ದವಡೆ ನಿಧಾನಕ್ಕೆ ಆಡಿಸುತ್ತ, ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲದ ಆ ಮುಖವನ್ನು ಬೇರೆ ಯಾರೂ ಕಂಡಿಲ್ಲ.

ಅವಳು ಬಿಟ್ಟಿದ್ದು ಕಡಿಮೆಯೇನಲ್ಲ. ತವರಿನಲ್ಲಿ ಸೀಗಡಿ ಹುರಿದು ತಿನ್ನುತ್ತಿದ್ದವಳು, ದಾಸಪ್ಪನಿಗೆ ಆ ವಾಸನೆ ಆಗದೆಂದು ಸೀಗಡಿ ಬಿಟ್ಟಳು. ಅವನಿಗೆ ಬಡ್ತಿ ಬಂದು ಮೇಸ್ತ್ರಿಯಾದಾಗ, ಮೇಸ್ತ್ರಿಯ ಮನೆಯಲ್ಲಿ ದಿನಾ ಅನ್ನವಾಗಬೇಕು ಎಂದ. ದಿನಾ ಅನ್ನ ಮಾಡಿದಳು. ಅತ್ತೆಗೆ ಮೆತ್ತನೆಯ ಹಿಟ್ಟು, ಗಂಡನಿಗೆ ಅನ್ನ, ಆಮೇಲೆ ಹುಟ್ಟಿದ ಮಗ ಪ್ರಸನ್ನನಿಗೆ ಕಡಲೇಬೀಜ ಮುಂದಾದ ಚಿತ್ರಾನ್ನ. ಯಾರ ನಾಲಿಗೆಗೆ ಏನು ಎಂದು ಅವಳಿಗೆ ಗೊತ್ತಿತ್ತು. ಅವಳ ನಾಲಿಗೆಗೆ ಏನು ಎಂದು ಯಾರೂ ಕೇಳಲಿಲ್ಲ. ಕೇಳಲಿ ಎಂದು ಅವಳು ಕಾಯಲೂ ಇಲ್ಲ. ಎಲ್ಲ ಬಡಿಸಿ ಮುಗಿದ ಮೇಲೆ ನನ್ನನ್ನು ಒಲೆಗೇರಿಸುವಳು. ಅಷ್ಟೇ.

ಕೆಂಚಮ್ಮನ ಕೊನೆಗಾಲದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಜ್ವರ ಬಂದು ಬಿಟ್ಟ ಮೇಲೆ ಅವಳ ಬಾಯಿ ಕೆಟ್ಟು ಹೋಯಿತು. ಗಂಜಿ ಮಣ್ಣು, ಸಾರು ಮಣ್ಣು, ಹಾಲು ಮಣ್ಣು. ಎದುರಿಟ್ಟದ್ದನ್ನೆಲ್ಲ ತಳ್ಳಿದಳು. ಒಂದು ಮಧ್ಯಾಹ್ನ ಮಲಗಿದ್ದಲ್ಲಿಂದಲೇ, ಗೋಡೆಗೆ ಹೇಳುವವಳ ಹಾಗೆ, "ಅದೇನೋ ಪರಪರ ಅಂತ ಕಡೀತಿದ್ಯಲ್ಲ, ಅದು ಐತಾ?" ಎಂದಳು. ಹೊನ್ನಿ ಎದ್ದು ಒಲೆಯ ಬಳಿಗೆ ಹೋದಳು. ಸೀಕನ್ನು ಪುಡಿ ಮಾಡಿ, ಹಲ್ಲಿಲ್ಲದ ಬಾಯಿಗೆಂದು ಮಜ್ಜಿಗೆಯಲ್ಲಿ ನೆನೆಸಿ, ಉಪ್ಪು ಬೆಳ್ಳುಳ್ಳಿ ಹಾಕಿ ಕೊಟ್ಟಳು. ಕೆಂಚಮ್ಮ ಬಟ್ಟಲು ಖಾಲಿ ಮಾಡಿದಳು. ಬೆರಳು ನೆಕ್ಕಿದಳು.

"ಊರಿಗೆ ಹೇಳಬ್ಯಾಡ," ಎಂದಳು.

"ಯಾಕ್ ಹೇಳ್ಲಿ," ಎಂದಳು ಹೊನ್ನಿ.

ಕೆಂಚಮ್ಮ ಹೋದಳು. ಉಗಿ ಇಂಜಿನ್ನೂ ಹೋಯಿತು, ಅದರ ಜೊತೆ ನನ್ನ ಕೆಂಡವೂ ಹೋಯಿತು. ಸೀಮೆಎಣ್ಣೆ ಸ್ಟೌ ಬಂತು, ಗ್ಯಾಸ್ ಬಂತು. ದಾಸಪ್ಪ ರಿಟೈರಾಗಿ, ಕ್ವಾರ್ಟರ್ಸ್ ಬಿಟ್ಟು, ಮಗ ಹೊಸ ಬಡಾವಣೆಯಲ್ಲಿ ಕಟ್ಟಿದ ಮನೆಗೆ ಎಲ್ಲರೂ ಬಂದರು. ಅಲ್ಲಿ ಕೆಲವು ವರ್ಷ ಬಾಳಿ ದಾಸಪ್ಪನೂ ಕಣ್ಣು ಮುಚ್ಚಿದ. ನಾನು ಎಲ್ಲ ಒಲೆಗೂ ಹೊಂದಿಕೊಂಡೆ. ಹೊನ್ನಗಂಗಮ್ಮ ಉರಿಯನ್ನು ಉಗುರಿನಷ್ಟು ಸಣ್ಣಗೆ ಮಾಡಿ, ನನ್ನ ಕೆಳಗೆ ಹಳೆಯ ದೋಸೆ ಹೆಂಚು ಇಟ್ಟು, ಗ್ಯಾಸಿನಲ್ಲೂ ಕೆಂಡದ ಬುದ್ಧಿ ತರಿಸಿದಳು.

ಹೊಸ ಮನೆಯ ಸೊಸೆ ವನಜಾ ಕೆಟ್ಟವಳಲ್ಲ. ಅವಳಿಗೆ ಮೊಬೈಲಿನಲ್ಲಿ ಬಂದದ್ದೆಲ್ಲ ನಿಜ, ಅಷ್ಟೇ. ಸಿಲ್ವಾರದ ಪಾತ್ರೆಯಲ್ಲಿ ಬೇಯಿಸಿದ್ದು ತಿಂದರೆ ಮರೆವಿನ ರೋಗ ಬರುತ್ತದೆ ಎಂದು ಓದಿ ಹೇಳಿದಳು. ಹೊನ್ನಗಂಗಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. "ನಂಗೆ ಮರೆವಾ? ಮದ್ವೆಗೆ ಮುಂಚೆ ಮನೆ ನೋಡಾಕೆ ಬಂದಾಗ ನಾನ್ ಕೊಟ್ಟ ಕಾಫೀನ ನೀನು ಯಾವ ಗಿಡದ ಬುಡಕ್ಕೆ ಸುರಿದೆ ಅಂತ ಹೇಳ್ಲಾ?" ಎಂದಳು. ವನಜಾ ನಾಲಿಗೆ ಕಚ್ಚಿಕೊಂಡು ನಕ್ಕಳು. ಅಲ್ಲಿಗೆ ಮರೆವಿನ ಮಾತು ಮರೆತುಹೋಯಿತು.

ಆಮೇಲೆ ಕರೆಂಟಿನ ಒಲೆ ಬಂತು. ಕರಿ ಗಾಜಿನ ಹಲಗೆ, ಬೆಂಕಿಯೇ ಇಲ್ಲ. ಅದರ ಮೇಲೆ ನನ್ನನ್ನು ಕೂರಿಸಿದರೆ ಅದು ಕುಯ್ ಕುಯ್ ಎಂದು ಅತ್ತು ಸುಮ್ಮನಾಗುತ್ತದೆ. ಅದರ ಕಣ್ಣಿಗೆ ನಾನು ಪಾತ್ರೆಯೇ ಅಲ್ಲ. ಪರವಾಗಿಲ್ಲ, ನನ್ನ ಕಣ್ಣಿಗೂ ಅದು ಒಲೆಯಲ್ಲ. ಗ್ಯಾಸ್ ಒಲೆ ಹಿತ್ತಲ ಬಾಗಿಲ ಬಳಿಗೆ ಹೋಯಿತು. ನಾವಿಬ್ಬರೂ ಅದರ ಹಿಂದೆ ಹೋದೆವು.

ಹೀಗಿದ್ದಾಗ ಆ ಗಣೇಶನ ಹಬ್ಬ ಬಂತು.

ಪ್ರಸನ್ನ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ. ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದ. ಮೈಕು ಕಂಡರೆ ಬಿಡುವವನಲ್ಲ. ಆ ವರ್ಷ ಪೆಂಡಾಲಿನಲ್ಲಿ ಹಿರಿಯ ತಾಯಂದಿರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಪ್ರತಿ ಮನೆಯವರೂ ತಮ್ಮ ತಾಯಿಯ ಕಷ್ಟದ ದಿನಗಳ ಒಂದು ವಸ್ತುವನ್ನು ತಂದು ವೇದಿಕೆಯ ಮೇಲೆ ಇಡಬೇಕಂತೆ. ಒಬ್ಬರು ಬೀಸುವ ಕಲ್ಲು ತಂದರು, ಒಬ್ಬರು ಹೊಲಿಗೆ ಯಂತ್ರ ತಂದರು. ಪ್ರಸನ್ನ ಹಿತ್ತಲಿಗೆ ಬಂದು ನನ್ನನ್ನು ಎತ್ತಿಕೊಂಡ.

ವನಜಾ ತಂತಿ ನಾರಿನಲ್ಲಿ ನನ್ನ ಮಸಿಯನ್ನೆಲ್ಲ ಉಜ್ಜಿ ತೆಗೆದಳು. ಎಷ್ಟೋ ವರ್ಷದ ಮಸಿ ಅದು, ನನ್ನ ವಯಸ್ಸು ಅದರಲ್ಲೇ ಇತ್ತು. ಬತ್ತಲೆಯಾದ ಹಾಗಾಯಿತು. ಆಮೇಲೆ ಕುತ್ತಿಗೆಗೆ ಸೇವಂತಿಗೆ ಹಾರ ಹಾಕಿದರು, ಹೊಟ್ಟೆಗೆ ಕುಂಕುಮ ಇಟ್ಟರು. ಸಿಲ್ವಾರದ ಜಾತಿಯಲ್ಲಿ ಕುಂಕುಮ ಇಡಿಸಿಕೊಂಡದ್ದು ನಾನೇ ಮೊದಲು ಇರಬೇಕು. ನಿಜ ಹೇಳುತ್ತೇನೆ, ಒಂದು ಗಳಿಗೆ ನನಗೂ ತಲೆ ತಿರುಗಿತು. ಹಿತ್ತಾಳೆಯವರು ನೋಡಲಿ ಅನ್ನಿಸಿತು.

ಪೆಂಡಾಲಿಗೆ ತಗಡಿನ ಸೂರು. ಮುಂದಿನ ಸಾಲಿನಲ್ಲಿ ಮುದುಕಿಯರು, ಹಿಂದೆ ಬಡಾವಣೆಯವರೆಲ್ಲ. ಹೊನ್ನಗಂಗಮ್ಮನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಮಡಿಲಿಗೆ ಜರಿ ಅಂಚಿನ ರೇಷ್ಮೆ ಸೀರೆ ಹಾಕಿದರು. ಪ್ರಸನ್ನ ನನ್ನನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಮಾತಿಗೆ ನಿಂತ. ತಾನು ಹುಡುಗನಾಗಿದ್ದಾಗ ಕಂಡದ್ದನ್ನು ಹೇಳಿದ. ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೆ ತಾಯಿ ಒಬ್ಬಳೇ ಗೋಡೆಯ ಕಡೆ ತಿರುಗಿ, ಯಾರಿಗೂ ಮುಖ ತೋರಿಸದೆ, ಈ ಪಾತ್ರೆಯ ತಳದಲ್ಲಿ ಸೀದು ಉಳಿದದ್ದನ್ನು ಕೆರೆದು ತಿನ್ನುತ್ತಿದ್ದಳು ಎಂದ. ಆ ಕೆರೆಯುವ ಸದ್ದು ಇನ್ನೂ ತನ್ನ ಕಿವಿಯಲ್ಲಿದೆ ಎಂದ. ಅವನು ನಂಬಿಯೇ ಹೇಳುತ್ತಿದ್ದ, ನಾಟಕವಲ್ಲ. ಹಿಂದಿನ ಸಾಲುಗಳಲ್ಲಿ ಸೆರಗುಗಳು ಕಣ್ಣಿಗೆ ಹೋದವು. "ಇವತ್ತಿಂದ ನಮ್ಮಮ್ಮ ಸೀಕು ತಿನ್ನೋದಿಲ್ಲ. ಈ ಪಾತ್ರೆ ಇನ್ನು ಒಲೆ ಹತ್ತೋದಿಲ್ಲ. ನಮ್ಮನೆ ಹಾಲಲ್ಲಿ ಗಾಜಿನ ಶೋಕೇಸು ಮಾಡಿಸಿದ್ದೀನಿ, ದೇವರ ಪಕ್ಕದಲ್ಲಿ ಇರುತ್ತೆ," ಎಂದ.

ಚಪ್ಪಾಳೆ ಬಿತ್ತು. ನನ್ನ ತಲೆತಿರುಗು ಅಲ್ಲೇ ಇಳಿಯಿತು. ಗಾಜಿನೊಳಗೆ! ಒಣಗಿದ ಹಾರ ಹಾಕಿಕೊಂಡು, ಬಂದ ನೆಂಟರಿಗೆಲ್ಲ ಸುಳ್ಳು ಸಾಕ್ಷಿ ಹೇಳುತ್ತ! ಕಿರುಚಲು ನನಗೆ ಬಾಯಿ ಇಲ್ಲ. ಬಾಯಿ ಇದ್ದವಳ ಕಡೆ ನೋಡಿದೆ.

ಎರಡು ಮಾತಾಡಿ ಎಂದು ಯಾರೋ ಅವಳ ಮುಂದೆ ಮೈಕು ಹಿಡಿದರು. ಎರಡು ಮಾತೆಂದರೆ, ಎಲ್ಲರಿಗೂ ಒಳ್ಳೆಯದಾಗಲಿ ಎಂದು ಕೂರುವುದು. ಹಿಂದೆ ಮಾತಾಡಿದ ತಾಯಂದಿರೆಲ್ಲ ಹಾಗೇ ಮಾಡಿದ್ದರು. ಹೊನ್ನಗಂಗಮ್ಮ ಎದ್ದು ನಿಂತಳು. ಮಗನ ಕೈಯಿಂದ ನನ್ನನ್ನು ತೆಗೆದುಕೊಂಡು ಸೊಂಟಕ್ಕೆ ಆನಿಸಿಕೊಂಡಳು. ಆಮೇಲೆ ಮೈಕಿಗೆ ಬಾಯಿ ಕೊಟ್ಟಳು.

"ನನ್ ಮಗ ಒಳ್ಳೆಯವನು. ಆದ್ರೆ ಈಗ ಹೇಳಿದ್ದು ನಿಜ ಅಲ್ಲ. ನಂಗೆ ಸೀಕು ಅಂದ್ರೆ ಪ್ರಾಣ. ಅದಕ್ಕೇ ತಿಂತಿದ್ದೆ."

ಪೆಂಡಾಲಿನಲ್ಲಿ ಯಾರೋ ಕೆಮ್ಮಿದರು. ಪ್ರಸನ್ನ ಮೆಲ್ಲಗೆ ಮೈಕಿಗೆ ಕೈ ಹಾಕಿದ. ಅವಳು ಆ ಕೈಯನ್ನು ಸರಿಸಿದಳು.

"ಇರಪ್ಪ. ನಾನು ಬಿಟ್ಟಿದ್ದು ಬೇಕಾದಷ್ಟೈತೆ. ಅದ್ಯಾವುದೂ ಇವನಿಗೆ ಗೊತ್ತಿಲ್ಲ, ಇವನ ಅಪ್ಪನಿಗೂ ಗೊತ್ತಿರ್ಲಿಲ್ಲ. ಬಿಡದೆ ಇಟ್ಕೊಂಡಿದ್ದು ಇದೊಂದೇ. ಹುಡುಕಿ ಹುಡುಕಿ ಇದನ್ನೇ ತ್ಯಾಗ ಅಂತಾನೆ. ತಿರುಗಿ ಕೂತ್ಕೊತಿದ್ದಿದ್ದು ಅಳಾಕಲ್ಲ ಕಣಪ್ಪ. ಎದುರಿಗೆ ಕೂತ್ರೆ ನೀನು ಪಾಲು ಕೇಳ್ತಿದ್ದೆ. ನಾನು ಯಾರಿಗೂ ಒಂದು ಚೂರೂ ಕೊಟ್ಟಿಲ್ಲ."

ಅತ್ತೆಗೆ ಕೊಟ್ಟಿದ್ದಳು. ಆದರೆ ಊರಿಗೆ ಹೇಳಬೇಡ ಎಂದು ಕೆಂಚಮ್ಮ ಹೇಳಿದ್ದಳಲ್ಲ. ಆ ಮಾತನ್ನು ಅವಳು ಮೈಕಿನ ಮುಂದೆಯೂ ಕಾಪಾಡಿದಳು.

ಮುಂದಿನ ಸಾಲಿನಿಂದ ಒಂದು ಕೀರಲು ನಗೆ ಎದ್ದಿತು. ಬೀಸುವ ಕಲ್ಲಿನ ಮುದುಕಿ. "ನಂಗೂ ಅದೇ ಇಷ್ಟ ಕಣ್ ಹೊನ್ನಕ್ಕ. ಈಗಿನ ಕುಕ್ಕರಲ್ಲಿ ತಳನೇ ಹಿಡಿಯಾಕಿಲ್ಲ," ಎಂದಳು. ಇನ್ನೊಬ್ಬಳು ತಾನು ಬೆಲ್ಲ ಹಾಕಿಕೊಂಡು ತಿನ್ನುತ್ತಿದ್ದೆ ಎಂದಳು. ಮತ್ತೊಬ್ಬಳು ಬೆಲ್ಲ ಹಾಕಿದರೆ ಅದೇನು ಸೀಕು ಎಂದು ಮೂತಿ ತಿರುವಿದಳು. ವೇದಿಕೆಯ ಮೇಲೆ ಮಾತು ನಿಂತುಹೋಗಿ ಮುಂದಿನ ಸಾಲಿನಲ್ಲಿ ಮಾತು ಶುರುವಾಯಿತು. ಅಷ್ಟರಲ್ಲಿ ತಗಡಿನ ಸೂರಿನ ಮೇಲೆ ಪಟಪಟನೆ ಮಳೆ ಬಿತ್ತು. ಯಾರ ಮದುವೆಯೇ ಇದು ಎಂದು ಒಬ್ಬಳು ಕೂಗಿದಳು. ಮುದುಕಿಯರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹಿಂದಿನ ಸಾಲಿನ ಹುಡುಗಿಯರಿಗೆ ಏನೆಂದು ತಿಳಿಯಲಿಲ್ಲ.

ಹೊನ್ನಗಂಗಮ್ಮ ಸನ್ಮಾನದ ಸೀರೆಯನ್ನು ಮಡಚಿ ನನ್ನೊಳಗೆ ತುರುಕಿ, ಸೊಟ್ಟ ಮುಚ್ಚಳ ಮನೆಯಲ್ಲೇ ಉಳಿದದ್ದರಿಂದ ಸೆರಗು ಮುಚ್ಚಿ, ಮಳೆಯಲ್ಲೇ ಮನೆಗೆ ನಡೆದಳು. ದಾರಿಯಲ್ಲಿ ನನ್ನ ಕುಂಕುಮ ಕರಗಿ ಹೋಯಿತು. ಹಾರ ಎಲ್ಲಿ ಬಿತ್ತೋ ಗೊತ್ತಿಲ್ಲ.

ಪ್ರಸನ್ನ ತಾಯಿಯ ಜೊತೆ ಮಾತು ಬಿಟ್ಟ. ಉಣ್ಣುವಾಗ ತಟ್ಟೆ ನೋಡಿಕೊಂಡೇ ಉಂಡ. ಬೇಕಾದ್ದನ್ನು ವನಜಾಳ ಮೂಲಕ ಕೇಳಿದ. ಹೊನ್ನಗಂಗಮ್ಮ ಅವನಿಗೆ ಚಿತ್ರಾನ್ನ ಮಾಡಿ ಬಡಿಸಿದಳು, ಕಡಲೇಬೀಜ ಒಂದು ಹಿಡಿ ಹೆಚ್ಚಿಗೇ ಹಾಕಿದಳು. ಆದರೆ ಕ್ಷಮಿಸು ಅನ್ನಲಿಲ್ಲ. ನಡುಮನೆಯ ಗಾಜಿನ ಶೋಕೇಸು ಖಾಲಿ ಬಿದ್ದಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವನು ಹಿತ್ತಲಿಗೆ ಬಂದ. ಅವಳು ಎಂದಿನ ಹಾಗೆ ಬೆನ್ನು ಹಾಕಿ ಕೂತಿದ್ದಳು. ಹಿತ್ತಲಲ್ಲಿ ಜಾಗ ಕಡಿಮೆ, ನಿಂತರೆ ಒಗೆಯುವ ಕಲ್ಲು ಕಾಲಿಗೆ ತಾಗುತ್ತದೆ. ಹಾಗಾಗಿ ಅವನು ಒಲೆಯ ಆಚೆ ಬದಿಗೆ ಬಂದು ಕುಕ್ಕರುಗಾಲಲ್ಲಿ ಕೂತ, ನನ್ನ ಪಕ್ಕದಲ್ಲಿ.

"ಅಷ್ಟು ಜನದ ಮುಂದೆ ನನ್ನ ಮಾನ ಕಳೆದೆಯಲ್ಲಮ್ಮ," ಎಂದ.

"ನಿನ್ನ ಮಾನ ಸೋಮವಾರ ಬ್ಯಾಂಕಿಗೆ ಹೋದ್ರೆ ತಾನೇ ವಾಪಸ್ ಬರುತ್ತೆ. ನನ್ ಪಾತ್ರೆ ಗಾಜೊಳಗೆ ಹೋಗಿದ್ರೆ ಬರ್ತಿತ್ತಾ?"

ಅಷ್ಟರಲ್ಲಿ ನಾನು ಚಟ್ ಎಂದೆ. ಅವಳಿಗೆ ಮಗ ಮರೆತುಹೋದ. ಚಿಪ್ಪಿನ ಚೂರಿನಿಂದ ಸೀಕು ಎಬ್ಬಿಸಿ, ಚಟ್ನಿ ಪುಡಿ ಉದುರಿಸಿ, ಅಂಚು ಮುರಿದು ಬಾಯಿಗಿಟ್ಟಳು. ಕಣ್ಣು ಅರೆಮುಚ್ಚಿತು. ಪ್ರಸನ್ನ ತಾಯಿಯ ಆ ಮುಖವನ್ನು ಮೊದಲ ಸಲ ನೋಡಿದ. ನೋಡುತ್ತಲೇ ಇದ್ದ. ನಾನು ಇಷ್ಟು ವರ್ಷ ಕೂತ ಜಾಗದಿಂದ ನೋಡಿದರೆ ಯಾರಿಗಾದರೂ ತಿಳಿಯುವ ವಿಷಯ ಅದು.

ಸ್ವಲ್ಪ ಹೊತ್ತಿನ ಮೇಲೆ, "ಒಂಚೂರು ಕೊಡು ನೋಡೋಣ," ಎಂದು ಕೈ ಚಾಚಿದ.

ಅವಳು ಆ ಕೈಯನ್ನೂ ತನ್ನ ತಟ್ಟೆಯನ್ನೂ ನೋಡಿದಳು. ಬಹಳ ಯೋಚನೆ ಮಾಡಿ ಉಗುರಿನಷ್ಟು ಮುರಿದು ಕೊಟ್ಟಳು. ಅವನು ಅಗಿದ. ಮುಖ ಹಿಂಡಿದ. "ಕಹಿ ಇದೆಯಲ್ಲಮ್ಮ," ಎಂದ.

"ಸದ್ಯ," ಎಂದಳು ಹೊನ್ನಗಂಗಮ್ಮ. "ಹಿಡಿಸಿದ್ರೆ ದಿನಾ ಪಾಲಿಗೆ ಬರ್ತಿದ್ದೆ."

ಅವನು ನಕ್ಕುಬಿಟ್ಟ. ಶೋಕೇಸಿನಲ್ಲಿ ಈಗ ಅವನ ಕೇರಂ ಕಪ್ಪುಗಳಿವೆ.

ನನಗೂ ವಯಸ್ಸಾಯಿತು. ವನಜಾ ಉಜ್ಜಿ ತೆಗೆದ ಮಸಿ ಮತ್ತೆ ಬಂದಿದೆ, ಆದರೆ ದಪ್ಪವಿದ್ದ ತಳ ತೆಳ್ಳಗಾಗಿದೆ. ಚಿಪ್ಪಿನ ಚೂರು ಇಷ್ಟು ವರ್ಷ ಕೆರೆದದ್ದರಲ್ಲಿ ಸೀಕಿನ ಜೊತೆ ನಾನೂ ಒಂದಿಷ್ಟು ಅವಳ ಹೊಟ್ಟೆ ಸೇರಿದ್ದೇನೆ. ಬಿಸಿಲಿಗೆ ಹಿಡಿದರೆ ತಳದಲ್ಲಿ ಸೂಜಿಯಷ್ಟು ಬೆಳಕು ಕಾಣುತ್ತದೆ. ಬೀದಿಯಲ್ಲಿ ಗುಜರಿಯವನು ಕೂಗಿಕೊಂಡು ಹೋಗುವಾಗ ನಾನು ಮೊದಲಿನ ಹಾಗೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಕರಗಿದರೆ ಇನ್ನೊಂದು ಪಾತ್ರೆಯಾಗುತ್ತೇನೆ. ಗಾಜಿನೊಳಗೆ ಕೂತಿದ್ದರೆ ಏನೂ ಆಗುತ್ತಿರಲಿಲ್ಲ.

ಮೊನ್ನೆ ವನಜಾ ನನ್ನನ್ನು ಬೆಳಕಿಗೆ ಹಿಡಿದು ನೋಡಿ, "ಇದು ಪೂರ್ತಿ ತೂತಾದ ಮೇಲೆ ಏನ್ ಮಾಡ್ತೀರ ಅತ್ತೆ?" ಎಂದು ಕೇಳಿದಳು. ಪಾಪ, ಅವಳ ದನಿಯಲ್ಲಿ ಅನುಕಂಪ ಇತ್ತು.

ಹೊನ್ನಗಂಗಮ್ಮ ನನ್ನನ್ನು ಅವಳ ಕೈಯಿಂದ ಇಸಿದುಕೊಂಡಳು. "ಸನ್ಮಾನದ ಸೀರೆ ಮಡಚಿದ್ದು ಹಂಗೇ ಐತೆ," ಎಂದಳು. "ಜರಿ ಗಟ್ಟಿ ಐತೆ. ಸೀರೆಗೆ ಪಾತ್ರೆ ಕೊಡೋರು ಈಗ್ಲೂ ಬರ್ತಾರೆ, ಆಟೋದಲ್ಲಿ."

ನನಗೆ ಬೇಸರವಾಗಲಿಲ್ಲ. ನೀರು ಹಾಕಿ ಒಲೆಯ ಮೇಲೆ ಕೂರಿಸಿದ್ದಾಳೆ. ಸೂಜಿಯಷ್ಟು ತೂತಿನಿಂದ ಒಂದು ಹನಿ ಇಳಿದು ಉರಿಗೆ ಬಿದ್ದು ಚುಯ್ ಎಂದಿತು. ಉಳಿದ ನೀರೆಲ್ಲ ನನ್ನಲ್ಲೇ ಇದೆ, ಮರಳುತ್ತಿದೆ. ಅವಳು ಹಿಟ್ಟು ತರಲು ಒಳಗೆ ಹೋಗಿದ್ದಾಳೆ.